ಬಿಡುವ ಸನ್ನೆ

ಚೆಂಡು ಮೊದಲು ಬಿತ್ತೋ, ಕೈಗಳು ಮೊದಲು ಹೋದವೋ?

ಚೆಂಡು ಬಿದ್ದದ್ದನ್ನು ಕಂಡು ಕೈಗಳು ಹೋಗಿದ್ದರೆ ತಪ್ಪೇನೂ ಇಲ್ಲ. ಕೈಗಳು ಹೋದದ್ದಕ್ಕೇ ಚೆಂಡು ಬಿದ್ದಿದ್ದರೆ... ಲಗಮಪ್ಪ ಅಲ್ಲಿಗೆ ತಡೆದು ಮತ್ತೆ ಮೊದಲಿನಿಂದ ನೆನೆದ. ಬ್ಯಾಟಿನ ಸದ್ದು. ಬಿಸಿಲಿಗೆ ಕಣ್ಣು ಕುಕ್ಕುವಷ್ಟು ಎತ್ತರ ಹೋದ ಚೆಂಡು. ಎದುರಿನಿಂದ ಓಡಿ ಬರುತ್ತಿದ್ದ ಬಸ್ತ್ಯಾಂವ. ಅವನ ಎರಡು ಅಂಗೈಗಳು ಹೊಟ್ಟೆಯ ಹತ್ತಿರ ಕೂಡಿಕೊಂಡದ್ದು. ಆಮೇಲೆ ಒಂದು ಕ್ಷಣ ಇತ್ತು, ಎಷ್ಟು ಹುಡುಕಿದರೂ ಅದು ಸಿಗುತ್ತಿರಲಿಲ್ಲ. ಅದರ ನಂತರದ್ದು ಮಾತ್ರ ಸ್ಪಷ್ಟವಾಗಿತ್ತು. ತನ್ನ ಎರಡೂ ತೋಳುಗಳು ಅಗಲಕ್ಕೆ ಚಾಚಿದ್ದವು. ಚೆಂಡು ಹುಲ್ಲಿನ ಮೇಲಿತ್ತು.

ಅವನು ಮೈದಾನದ ನಡುವೆ, ಸ್ಟಂಪುಗಳ ಹಿಂದೆ ನಿಂತಿದ್ದ. ಎರಡೂ ಕಡೆಯ ಆಟಗಾರರು ಸುತ್ತ ಕೂಡಿದ್ದರು. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು.

"ಕಾರಕೂನ ಸಾಹೇಬ್ರ, ಔಟೋ ನಾಟೌಟೋ? ಒಂದು ಹೇಳಿಬಿಡ್ರಿ" ಎಂದರು ಇನ್ನೊಬ್ಬ ಅಂಪಾಯರ್ ಶೇಖಪ್ಪ ಮಾಸ್ತರರು.

೧೯೬೩ರ ಜನವರಿಯ ಒಂದು ರವಿವಾರ ಅದು. ದಾಂಡೇಲಿಯ ಬಿದಿರಿನ ಯಾರ್ಡಿನವರಿಗೂ ಹಳಿಯಾಳದ ಕ್ಲಬ್ಬಿನವರಿಗೂ ಕ್ರಿಕೆಟ್ ಪಂದ್ಯ, ಗೆದ್ದವರಿಗೆ ಒಂದು ಕಪ್ಪು. ಕಡೆಗೊಬ್ಬ ಅಂಪಾಯರ್ ಎಂದು ಮಾತಾಗಿತ್ತು. ಹಳಿಯಾಳದವರು ತಮ್ಮೂರಿನ ಶೇಖಪ್ಪ ಮಾಸ್ತರರನ್ನು ಕರೆತಂದಿದ್ದರು. ಯಾರ್ಡಿನವರು ತಮ್ಮ ಕಾರಕೂನ ಲಗಮಪ್ಪನನ್ನು ನಿಲ್ಲಿಸಿದ್ದರು. ಲಗಮಪ್ಪನಿಗೆ ಬ್ಯಾಟು ಹಿಡಿಯಲೂ ಬರುತ್ತಿರಲಿಲ್ಲ. ಆದರೆ ಅವನು ಧಾರವಾಡದಲ್ಲಿ ಬಿ.ಎ. ಮಾಡಿದವನು, ಆಟದ ಕಾಯ್ದೆಗಳ ಪುಸ್ತಕವೊಂದನ್ನು ಟ್ರಂಕಿನಲ್ಲಿಟ್ಟುಕೊಂಡಿದ್ದವನು, ಮತ್ತು ಜಗಳಕ್ಕೆ ಬಾಯಿ ಹಾಕದವನು. ಅಂಪಾಯರ್ ಆಗಲು ಇಷ್ಟು ಸಾಕು ಎಂದು ಸೂಪರ್‌ವೈಜರ್ ಶಿವಲಿಂಗಪ್ಪ ತೀರ್ಮಾನಿಸಿದ್ದರು. ಯಾರ್ಡಿನ ತಂಡಕ್ಕೆ ಅವರೇ ನಾಯಕರು.

ಯಾರ್ಡಿನಲ್ಲಿ ಮಾತು ನಡೆಯುವುದಿಲ್ಲ. ಬಿದಿರು ಕೊಚ್ಚುವ ಯಂತ್ರ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮನೆ ಅರಚುತ್ತದೆ. ಪಕ್ಕದಲ್ಲಿ ನಿಂತು ಕೂಗಿದರೂ ಕೇಳುವುದಿಲ್ಲ. ಕಾಡಿನಿಂದ ಬಂದ ಲಾರಿಯಿಂದ ಬಿದಿರಿನ ಕಟ್ಟನ್ನು ಸರಪಳಿಯಲ್ಲಿ ಎತ್ತಿ ಒಟ್ಟಿಲಿನ ಮೇಲೆ ಇಳಿಸುತ್ತಾರೆ. ಕಟ್ಟಿನ ಎರಡು ತುದಿಗೆ ಇಬ್ಬಿಬ್ಬರು ನಿಂತು ಅದನ್ನು ಹಿಡಿದು, ಜಾಗಕ್ಕೆ ಕೂರಿಸಿ, ತಲೆ ಎತ್ತಿ ಕಾರಕೂನನ ಕಡೆ ನೋಡಬೇಕು. ಕಟ್ಟು ಇನ್ನೂ ಅಲುಗುತ್ತಿದ್ದರೆ ಕಾರಕೂನನ ಬಲಮುಷ್ಟಿ ಮೇಲೇಳುತ್ತದೆ. ಹಿಡಿದೇ ಇರಿ ಎಂದು ಅರ್ಥ. ಕಟ್ಟು ಭದ್ರವಾಗಿ ಕೂತದ್ದು ಕಂಡರೆ ಅವನು ಎರಡೂ ತೋಳುಗಳನ್ನು ಅಗಲಕ್ಕೆ ಚಾಚುತ್ತಾನೆ. ಅದು ಬಿಡುವ ಸನ್ನೆ. ಅದೇ ಸನ್ನೆಗೆ ಅತ್ತ ರಾಟೆಯವನು ಸರಪಳಿಯನ್ನು ಜಗ್ಗಿಕೊಳ್ಳುತ್ತಾನೆ. ಆಗ ಇನ್ನೂ ಕಟ್ಟಿನ ಮೇಲೆ ಕೈ ಇಟ್ಟವನ ಬೆರಳು ಉಳಿಯುವುದಿಲ್ಲ. ಮೂರೂವರೆ ವರ್ಷದ ಹಿಂದೆ ಒಬ್ಬನಿಗೆ ಹಾಗೇ ಆಗಿತ್ತು.

ಅಂದಿನಿಂದ ಹೊಸ ಆಳು ಬಂದಾಗಲೆಲ್ಲ ಲಗಮಪ್ಪನೇ ಕಲಿಸುತ್ತಿದ್ದ. ಬಸ್ತ್ಯಾಂವನಿಗೂ ಅವನೇ ಕಲಿಸಿದ್ದ. "ನೋಡು, ನನ್ನ ಕೈ ಹೋತಂದ್ರ ನಿನ್ನ ಕೈ ಬಿಡಬೇಕು. ಯಾಕ, ಹೆಂಗ ಅಂತ ವಿಚಾರ ಮಾಡಬಾರದು. ವಿಚಾರ ಮಾಡಾವ್ರ ಬೆರಳ ಹೋಗ್ತಾವ."

ಬಸ್ತ್ಯಾಂವ ಹಳಿಯಾಳದ ಆಚೆ ಕಾಡಂಚಿನ ಹಳ್ಳಿಯ ಸಿದ್ದಿ. ಯಾರ್ಡಿಗೆ ಬಂದು ಮೂರು ವರ್ಷವಾಗಿತ್ತು, ಇನ್ನೂ ಹಂಗಾಮಿ. ಹಂಗಾಮಿ ಆಳುಗಳು ತಗಡಿನ ಶೆಡ್ಡಿನಲ್ಲಿ ಸಾಲಾಗಿ ಮಲಗಬೇಕು. ಹೆಂಡತಿ ಮಕ್ಕಳನ್ನು ತರುವ ಹಾಗಿಲ್ಲ. ಕಾಯಂ ಆದವರಿಗೆ ಚಾಳಿನಲ್ಲಿ ಒಂದು ಖೋಲಿ. ಬಸ್ತ್ಯಾಂವನ ಹೆಂಡತಿ ಮಾಗ್ದಲೀನಾ ಮದುವೆಯಾದಂದಿನಿಂದ ಊರಿನಲ್ಲೇ ಇದ್ದಳು. ಅವರು ಒಂದೇ ಸೂರಿನ ಕೆಳಗೆ ಇದ್ದದ್ದು ಎಲ್ಲ ಸೇರಿಸಿದರೂ ಒಂದು ತಿಂಗಳಾಗದು.

ಆ ಜನವರಿಯಲ್ಲಿ ಒಂದು ಜಾಗ ಖಾಲಿಯಾಯಿತು. ಲಗಮಪ್ಪನ ಪಕ್ಕದ ಖೋಲಿಯೂ ಖಾಲಿಯಾಯಿತು. ಹೆಸರು ಕಳಿಸಬೇಕಾದವರು ಶಿವಲಿಂಗಪ್ಪ.

"ಬಸ್ತ್ಯಾಂವ, ಇಲ್ಲಾ ದುರ್ಗಪ್ಪ. ಇಬ್ಬರೊಳಗ ಒಬ್ಬಾಂವ" ಎಂದಿದ್ದರು ಅವರು ಎಲ್ಲರೆದುರಿಗೆ. "ಕೆಲಸದಾಗ ಇಬ್ಬರೂ ಸರಿಸಮ. ರವಿವಾರದ ಆಟ ಆಗ್ಲಿ, ನೋಡೂಣು. ಕಪ್ಪು ಇಲ್ಲೇ ಉಳೀಬೇಕು, ತಿಳೀತಿಲ್ಲೋ?"

ಒಬ್ಬನ ಹೊಟ್ಟೆಪಾಡನ್ನು ಚೆಂಡಿಗೆ ಕಟ್ಟುವುದು ಲಗಮಪ್ಪನಿಗೆ ಸರಿಕಾಣಲಿಲ್ಲ. ಆದರೆ ಅವನು ಅದನ್ನು ಹೇಳಿರಲಿಲ್ಲ.

ಬಸ್ತ್ಯಾಂವ ಮಾತ್ರ ಗೆದ್ದೇ ಬಿಟ್ಟವನ ಹಾಗಿದ್ದ. ತಂಡದಲ್ಲಿ ಅವನಷ್ಟು ಚೆನ್ನಾಗಿ ಕ್ಯಾಚು ಹಿಡಿಯುವವರು ಇರಲಿಲ್ಲ. ರವಿವಾರ ಬೆಳಿಗ್ಗೆ ಮಾಗ್ದಲೀನಾ ಹಳಿಯಾಳದವರ ಲಾರಿಯಲ್ಲೇ ಬಂದಿಳಿದಳು. ಅವಳ ಜೊತೆಗೆ ಒಂದು ತಗಡಿನ ಟ್ರಂಕು, ಒಂದು ಒರಳುಗುಂಡು.

"ಏ, ಆಟಾ ನೋಡಾಕ ಒರಳುಗುಂಡ ಯಾಕ ತಂದಾಳೋ ನಿನ್ನ ಹೇಣ್ತಿ?" ಎಂದು ದುರ್ಗಪ್ಪ ನಕ್ಕ. ಅವನು ಧಾರವಾಡದ ಕಡೆಯವನು, ಬಾಯಿ ತುಂಬ ಎಲೆಯಡಿಕೆ, ಮಾತು ತುಂಬ ಚೇಷ್ಟೆ. ಕಟ್ಟಿನ ಒಂದೇ ತುದಿಗೆ ಅವರಿಬ್ಬರೂ ಜೊತೆಯಾಗಿ ನಿಲ್ಲುತ್ತಿದ್ದರು.

"ನೀ ಸೋತ ಮ್ಯಾಲ ತಲಿಮ್ಯಾಲ ಹಾಕಾಕ" ಎಂದ ಬಸ್ತ್ಯಾಂವ.

ಲಗಮಪ್ಪನ ಹೆಂಡತಿ ಸುಶೀಲವ್ವ ಮಾಗ್ದಲೀನಾಳನ್ನು ಬೇವಿನ ನೆರಳಿಗೆ ಕರೆದು ಕೂರಿಸಿಕೊಂಡಳು. ಒಬ್ಬರ ಮಾತು ಒಬ್ಬರಿಗೆ ಅರ್ಧ ತಿಳಿಯುತ್ತಿತ್ತು. ಅಷ್ಟರಲ್ಲೇ ರೊಟ್ಟಿ ಬಡಿಯುವುದನ್ನು ಯಾರು ಯಾರಿಗೆ ಕಲಿಸಬೇಕು ಎಂಬ ಮಾತು ನಡೆದಿತ್ತು.

ಆಟ ಕೊನೆಗೆ ಬಂದದ್ದು ಬಿಸಿಲು ಇಳಿಯುವ ಹೊತ್ತಿಗೆ. ಹಳಿಯಾಳದವರ ಕೊನೆಯ ಜೋಡಿ ಉಳಿದಿತ್ತು. ಗೆಲ್ಲಲು ಎರಡು ರನ್ನು ಬೇಕು. ಬೌಲರ್ ಓಡಿ ಬಂದ, ಬ್ಯಾಟು ಬೀಸಿತು, ಚೆಂಡು ನೇರ ಮೇಲಕ್ಕೆ ಹೋಯಿತು. ದೂರದಿಂದ ಬಸ್ತ್ಯಾಂವ ಲಗಮಪ್ಪನ ಕಡೆಗೇ ಮುಖ ಮಾಡಿ ಓಡಿ ಬಂದ. ಬಗ್ಗಿದ. ಎದ್ದು ನಿಂತಾಗ ಅವನ ಎರಡು ಅಂಗೈಗಳೂ ಹೊಟ್ಟೆಯ ಹತ್ತಿರ ಕೂಡಿಕೊಂಡಿದ್ದವು. ಹಾಗೆ ನಿಂತವನು ತಲೆ ಎತ್ತಿ ಲಗಮಪ್ಪನನ್ನು ನೋಡಿದ.

ಬ್ಯಾಟು ಮಾಡುವವರು ಓಡುತ್ತಲೇ ಇದ್ದರು. ಚೆಂಡು ಹುಲ್ಲಿನ ಮೇಲಿತ್ತು. ಅದನ್ನು ಯಾರೂ ಎತ್ತಿಕೊಳ್ಳಲಿಲ್ಲ. ಬಸ್ತ್ಯಾಂವ ಎರಡು ಕೈಗಳನ್ನೂ ಮೈಯಿಂದ ದೂರ ಹಿಡಿದು, ಯಾರ್ಡಿನಲ್ಲಿ ನಿಲ್ಲುವ ಹಾಗೆ, ಒಂದು ಹೆಜ್ಜೆ ಹಿಂದಕ್ಕೆ ಸರಿದು ನಿಂತಿದ್ದ. ಅಷ್ಟರಲ್ಲಿ ಎರಡು ರನ್ನು ಆಗಿಹೋಗಿತ್ತು.

ಅಲ್ಲಿಂದ ಗದ್ದಲ ಶುರುವಾಯಿತು.

"ವೈಡ್! ಅಂಪಾಯರ್ ವೈಡ್ ತೋರಿಸ್ಯಾರ, ನೋಡ್ರಿ ಎರಡೂ ಕೈ" ಎಂದು ಹಳಿಯಾಳದ ಬ್ಯಾಟಿನವನು ಕೂಗಿದ.

"ಬ್ಯಾಟಿಗೆ ಬಡದದ್ದು ವೈಡ್ ಹೆಂಗ ಆಕ್ಕೈತೋ?" ಎಂದು ಶೇಖಪ್ಪ ಮಾಸ್ತರರು ತಮ್ಮ ಕಡೆಯವನನ್ನೇ ಗದರಿಸಿದರು. "ಸುಮ್ಮ ನಿಂದ್ರು."

"ಕೈ ಬಿಟ್ಟಾನ್ರಿ, ಬಿಟ್ಟಾನ, ಎಲ್ಲಾರೂ ನೋಡ್ಯಾರ!"

"ಹಿಡದ ಮ್ಯಾಲ ಬಿಟ್ಟಾನೋ, ಹಿಡ್ಯಾಕ ಬರದ ಬಿಟ್ಟಾನೋ?"

ಲಗಮಪ್ಪ ತನ್ನ ತೋಳುಗಳನ್ನು ಆಗ ಇಳಿಸಿದ. ಅಷ್ಟು ಹೊತ್ತೂ ಅವು ಚಾಚಿಕೊಂಡೇ ಇದ್ದವು. ಬೆರಳು ಎತ್ತಿದರೆ ಔಟು, ಯಾರ್ಡು ಗೆದ್ದಂತೆ. ಹೊರಗಿನಿಂದ ಬಂದವರು ಏನೆನ್ನುತ್ತಾರೆ? ಚೆಂಡು ಕಣ್ಣೆದುರಿಗೆ ನೆಲದ ಮೇಲಿದೆ, ತಮ್ಮ ಕಡೆಯವನಿಗಾಗಿ ಕಾರಕೂನ ಬೆರಳು ಎತ್ತಿದ ಎನ್ನುತ್ತಾರೆ. ಹಾಗಾದರೆ ಕೈ ಯಾಕೆ ಚಾಚಿದಿರಿ ಎಂದು ಕೇಳಿದರೆ? ಬಿದಿರಿನ ಕಟ್ಟು ಇಳಿಸುವ ಸನ್ನೆಯನ್ನು ಕ್ರಿಕೆಟ್ಟಿನಲ್ಲಿ ಮಾಡಿಬಿಟ್ಟೆ ಎಂದು ಇಷ್ಟು ಜನರೆದುರಿಗೆ ಹೇಳುವುದೆ? ಅದು ನಿಜವೆಂದಾದರೂ ಅವನಿಗೆ ಗೊತ್ತಿತ್ತೆ? ಚೆಂಡು ಮೊದಲು ಬಿತ್ತೋ, ಕೈಗಳು ಮೊದಲು ಹೋದವೋ?

"ಕಾರಕೂನ ಸಾಹೇಬ್ರ?" ಎಂದರು ಮಾಸ್ತರರು ಮತ್ತೊಮ್ಮೆ.

"ನಾಟೌಟ್" ಎಂದ ಲಗಮಪ್ಪ.

ಹಳಿಯಾಳದವರು ಬ್ಯಾಟುಗಳನ್ನು ಮೇಲಕ್ಕೆಸೆದು ಕುಣಿದರು. ಶಿವಲಿಂಗಪ್ಪ ಟೊಪ್ಪಿಗೆ ತೆಗೆದು ನೆಲಕ್ಕೆ ಬಡಿದು ನೇರವಾಗಿ ಬಸ್ತ್ಯಾಂವನ ಹತ್ತಿರ ಹೋದರು.

"ಯಾಕೋ ಬಿಟ್ಟಿ?"

"ಸಾಹೇಬ್ರು ಕೈ ಮಾಡಿದ್ರು."

"ಯಾವ ಸಾಹೇಬ್ರು?"

"ಕಾರಕೂನ ಸಾಹೇಬ್ರು. ಬಿಡು ಅಂತ ಕೈ ಮಾಡಿದ್ರು. ನಾ ಬಿಟ್ಟೆ."

ದುರ್ಗಪ್ಪ ಜೋರಾಗಿ ನಕ್ಕ. ಅವನನ್ನು ನೋಡಿ ಉಳಿದವರೂ ನಕ್ಕರು. "ಅಪ್ಪಾ, ಅದು ಬಿದಿರಿನ ಕಟ್ಟಲ್ಲೋ, ಚೆಂಡು! ಸರಪಳಿ ಎಲ್ಲೈತಿ ತೋರಸು!" ಯಾರೋ ಹಿಂದಿನಿಂದ, "ಕಾಡಿನಾವನ ಕೈಯಾಗ ಕಪ್ಪು ಕೊಟ್ರ ಹಿಂಗ ಆಗೂದು" ಎಂದರು. ಅದಕ್ಕೆ ನಗು ಸ್ವಲ್ಪ ಕಡಿಮೆಯಾಯಿತು, ಆದರೆ ಬೇಡವೆಂದು ಯಾರೂ ಹೇಳಲಿಲ್ಲ.

ಶಿವಲಿಂಗಪ್ಪ ನಗಲಿಲ್ಲ. ಲಗಮಪ್ಪನ ಕಡೆ ತಿರುಗಿದರು. "ಹೌದೇನ್ರಿ? ಚೆಂಡ ಬೀಳೂಕಿಂತ ಮೊದಲ ಕೈ ಮಾಡಿದ್ರ್ಯಾ, ಬಿದ್ದ ಮ್ಯಾಲೋ?"

ಬಸ್ತ್ಯಾಂವ ಅವನನ್ನೇ ನೋಡುತ್ತಿದ್ದ. ಆ ನೋಟದಲ್ಲಿ ಆತಂಕ ಇರಲಿಲ್ಲ. ಕೇಳಿದ ಮೇಲೆ ಸಾಹೇಬರು ಹೇಳೇ ಹೇಳುತ್ತಾರೆ, ಇಲ್ಲಿಗೆ ಮುಗಿಯಿತು ಎಂಬ ನಿಶ್ಚಿಂತೆ ಇತ್ತು.

"ಚೆಂಡ ನೆಲಕ್ಕ ಬಿದ್ದದ್ದ ಎಲ್ಲಾರೂ ನೋಡ್ಯಾರ್ರಿ" ಎಂದ ಲಗಮಪ್ಪ.

ಅದು ಸುಳ್ಳಲ್ಲ. ಆ ಮಾತಿನಲ್ಲಿ ಒಂದು ಅಕ್ಷರವೂ ಸುಳ್ಳಾಗಿರಲಿಲ್ಲ.

ಮಾಗ್ದಲೀನಾ ನೆರಳಿನಿಂದ ಎದ್ದು ಬಂದು ಗಂಡನ ತೋಳು ಹಿಡಿದು, "ಕಿತೆಂ ಜಾಲೆಂ?" ಏನಾಯಿತು ಎಂದು ತಮ್ಮ ಕೊಂಕಣಿಯಲ್ಲಿ ಕೇಳಿದಳು. ಅವನು ತನ್ನ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಹೋಗುವ ಮೊದಲು ಶೇಖಪ್ಪ ಮಾಸ್ತರರು ಲಗಮಪ್ಪನ ಕೈ ಕುಲುಕಿದರು. "ಇಷ್ಟ ವರ್ಷ ಅಂಪಾಯರ್‌ಕಿ ಮಾಡೇನಿ. ತನ್ನ ಕಡೆ ಸೋಲೂವಾಗ ನಾಟೌಟ್ ಅನ್ನಾವನ್ನ ಇವತ್ತ ನೋಡಿದೆ. ದೊಡ್ಡ ಮನಸ್ಸು ನಿಮ್ಮದು."

ಮನೆಗೆ ಬಂದು ಲಗಮಪ್ಪ ಕಾಯ್ದೆಯ ಪುಸ್ತಕ ತೆಗೆದ. ಅಂಪಾಯರ್ ತನ್ನ ತೀರ್ಪನ್ನು ಬದಲಿಸಬಹುದು, ಆದರೆ ತಕ್ಷಣ ಬದಲಿಸಬೇಕು ಎಂದಿತ್ತು ಅದರಲ್ಲಿ. ತಕ್ಷಣ ಎಂದರೆ ಎಷ್ಟು ಹೊತ್ತು ಎಂದು ಇರಲಿಲ್ಲ. ಹಳಿಯಾಳದವರ ಲಾರಿ ಹೊರಟು ಇನ್ನೂ ಅರ್ಧ ತಾಸು ಆಗಿರಲಿಕ್ಕಿಲ್ಲ. ಪುಸ್ತಕವನ್ನು ಮಡಚಿ ಮಡಿಲಲ್ಲಿಟ್ಟುಕೊಂಡು ಕೂತ. ಅಷ್ಟರಲ್ಲಿ ಒಂದು ತಾಸಾಯಿತು.

"ಆಕೀ ಟ್ರಂಕು ನಮ್ಮ ಪಡಸಾಲ್ಯಾಗ ಇಟ್ಕೊಂಡೇನಿ" ಎಂದಳು ಸುಶೀಲವ್ವ ಒಲೆಯ ಮುಂದಿನಿಂದ. "ಬಾಜೂ ಖೋಲಿ ನಾನ ಕಸಾ ಹೊಡದಿದ್ದೆ, ನೋಡ್ರಿ. ಇನ್ನ ಆಕಿಗೆ ಹ್ಯಾಂಗ ಹೇಳೂದು?"

"ಇನ್ನೂ ಹೆಸರ ಹೋಗಿಲ್ಲ" ಎಂದ.

"ಅಂದ್ರ ಆಕ್ಕೈತೇನು?"

ಅವನು ಉತ್ತರ ಕೊಡಲಿಲ್ಲ. ಸುಶೀಲವ್ವನಿಗೆ ಅದು ಹೊಸದಲ್ಲ. ಅವಳು ಮದುವೆಯಾದ ಹೊಸದರಲ್ಲಿ ಅವನ ಮೌನವನ್ನು ಓದಿದವರ ಗಾಂಭೀರ್ಯವೆಂದು ತಿಳಿದಿದ್ದಳು. ಈಗ ಏನೆಂದು ತಿಳಿದಿದ್ದಾಳೋ ಅವನು ಕೇಳಿರಲಿಲ್ಲ.

ಸೋಮವಾರ ಯಾರ್ಡಿನಲ್ಲಿ ಮೊದಲ ಲಾರಿ ಬಂತು. ಲಗಮಪ್ಪ ತನ್ನ ಕಟ್ಟೆಯ ಮೇಲೆ ನಿಂತ. ಕಟ್ಟು ಎದ್ದಿತು, ತೂಗಿತು, ಒಟ್ಟಿಲಿನ ಮೇಲೆ ಇಳಿಯಿತು. ಒಂದು ತುದಿಗೆ ಬಸ್ತ್ಯಾಂವ ಮತ್ತು ದುರ್ಗಪ್ಪ. ಕಟ್ಟು ಒಂದಿಷ್ಟು ಜಾರಿತು. ಲಗಮಪ್ಪನ ಬಲಮುಷ್ಟಿ ಮೇಲೆ ಹೋಯಿತು. ಅವರು ಹಿಡಿದು ಸರಿಪಡಿಸಿದರು. ಕಟ್ಟು ಕೂತಿತು. ತೋಳುಗಳು ಅಗಲವಾದವು.

ಆಗ ಅವನಿಗೆ ತಿಳಿಯಿತು.

ಮುಷ್ಟಿಯನ್ನು ಅವನು ಎತ್ತಿರಲಿಲ್ಲ, ಅದೇ ಎದ್ದಿತ್ತು. ತೋಳುಗಳನ್ನು ಅವನು ಚಾಚಿರಲಿಲ್ಲ, ಅವೇ ಹೋಗಿದ್ದವು. ನಾಲ್ಕು ವರ್ಷದಿಂದ ದಿನಕ್ಕೆ ಅದೆಷ್ಟೋ ಸಲ ಹೀಗೇ ನಡೆಯುತ್ತಿತ್ತು. ಜಾರುವುದನ್ನು ಕಂಡರೆ ಮುಷ್ಟಿ, ಭದ್ರವಾಗಿ ಕೂತದ್ದನ್ನು ಕಂಡರೆ ಮಾತ್ರ ತೋಳು. ನಿನ್ನೆ ಬಸ್ತ್ಯಾಂವನ ಕೈಯಿಂದ ಚೆಂಡು ಜಾರಿದ್ದನ್ನು ಅವನ ಕಣ್ಣು ಕಂಡಿದ್ದರೆ ಮುಷ್ಟಿ ಮೇಲೇಳಬೇಕಿತ್ತು. ಮುಷ್ಟಿ ಎದ್ದಿರಲಿಲ್ಲ. ತೋಳುಗಳು ಹೋಗಿದ್ದವು ಎಂದಮೇಲೆ ಅವನು ಕಂಡದ್ದು ಒಂದೇ: ಚೆಂಡು ಆ ಅಂಗೈಗಳಲ್ಲಿ ಬಂದು ಕೂತದ್ದು. ಇನ್ನು ಅಲುಗುವುದಿಲ್ಲ ಎನ್ನುವಷ್ಟು ಭದ್ರವಾಗಿ. ಹುಡುಕುತ್ತಿದ್ದ ಕ್ಷಣ ಸಿಕ್ಕಿತು. ಸಿಗದಿದ್ದರೇ ಚೆನ್ನಾಗಿತ್ತು ಎಂದು ಅವನಿಗೆ ಅನಿಸಿತು. ನಿನ್ನೆಯವರೆಗೆ ಅವನಿಗೆ ಗೊತ್ತಿಲ್ಲವೆಂಬ ಆಸರೆ ಇತ್ತು.

ಎರಡನೆಯ ಕಟ್ಟು ಕೂತು ತೋಳು ಚಾಚಿದಾಗ ಬಸ್ತ್ಯಾಂವ ಬಿಡಲಿಲ್ಲ.

ಬಹಳ ಹೊತ್ತೇನಲ್ಲ, ಒಂದು ಉಸಿರಿನಷ್ಟು. ಅವನು ಲಗಮಪ್ಪನ ತೋಳುಗಳನ್ನು ನೋಡಿದ, ಮುಖ ನೋಡಿದ, ಮತ್ತೆ ತೋಳುಗಳನ್ನು ನೋಡಿದ. ಅಷ್ಟರಲ್ಲಿ ಸರಪಳಿ ಜಗ್ಗಿತು. ದುರ್ಗಪ್ಪ ಅವನ ರಟ್ಟೆ ಹಿಡಿದು ಹಿಂದಕ್ಕೆಳೆದ. ಎಡ ಅಂಗೈಯ ಚರ್ಮ ಸೀಳಿ ರಕ್ತ ಬಂತು.

ಊಟದ ಹೊತ್ತಿಗೆ ಯಂತ್ರ ನಿಂತಾಗ ಮಾತು ಕೇಳಿಸಿತು.

"ನಿನ್ನಿ ಬಿಡಬಾರದಾಗ ಬಿಟ್ಟಿ, ಇವತ್ತ ಬಿಡಬೇಕಾದಾಗ ಹಿಡದಿ. ನಿನ್ನ ಕೈ ಯಾರ ಮಾತ ಕೇಳ್ತಾವಲೇ?" ದುರ್ಗಪ್ಪ ನಗುತ್ತಲೇ ಕೇಳಿದ, ಆದರೆ ಬಸ್ತ್ಯಾಂವನ ಅಂಗೈಗೆ ಅರಿವೆ ಸುತ್ತುತ್ತಿದ್ದವನೂ ಅವನೇ.

"ಗೊತ್ತಿಲ್ಲ" ಎಂದ ಬಸ್ತ್ಯಾಂವ.

"ಏ, ವೈಡ್ ಇರಬೇಕು ಅಂತ ನೋಡ್ತಿದ್ದಾ ಬಿಡ್ರಿ" ಎಂದು ಇನ್ನೊಬ್ಬ ಹೇಳಿದ. ಎಲ್ಲರೂ ನಕ್ಕರು. ಬಸ್ತ್ಯಾಂವನೂ ಸ್ವಲ್ಪ ನಕ್ಕ. ಅದನ್ನು ನೋಡಲಾಗದೆ ಲಗಮಪ್ಪ ಎದ್ದು ಹೋದ.

ಅವನು ನೇರವಾಗಿ ಶಿವಲಿಂಗಪ್ಪನವರ ಕೋಣೆಗೆ ಹೋದ. ಹೇಳಬೇಕಾದ ಮಾತನ್ನು ದಾರಿಯಲ್ಲಿ ಎರಡು ಸಲ ಬಾಯೊಳಗೇ ಹೇಳಿಕೊಂಡ. ಚಿಕ್ಕ ಮಾತು. ರೀ, ಆ ಕ್ಯಾಚು ಖರೇನ ಆಗಿತ್ತು, ಬಿಡು ಅಂತ ಕೈ ಮಾಡಿದಾಂವ ನಾನು. ಇಷ್ಟೇ.

ಶಿವಲಿಂಗಪ್ಪ ಅವನನ್ನು ಕಂಡವರೇ ಎದ್ದು ಕುರ್ಚಿ ಸರಿಸಿದರು. ಯಾರ್ಡಿನ ಕಾರಕೂನನಿಗೆ ಆ ಕೋಣೆಯಲ್ಲಿ ಕುರ್ಚಿ ಸಿಕ್ಕದ್ದು ಅದೇ ಮೊದಲು.

"ಬರ್ರಿ, ಬರ್ರಿ, ಕೂಡ್ರಿ. ನಾ ನಿನ್ನಿ ಸಿಟ್ಟಿನಾಗ ಇದ್ದೆ ನೋಡ್ರಿ, ನಿಮಗ ಏನೂ ಅನ್ಲಿಲ್ಲ. ಮುಂಜಾನೆ ಮ್ಯಾನೇಜರ್ ಸಾಹೇಬ್ರು ಕರದಿದ್ರು. ಹಳಿಯಾಳದಾವ್ರು ಅವರ ಮುಂದ ಹೇಳಿ ಹೋಗ್ಯಾರಂತ, ನಿಮ್ಮಲ್ಲೆ ಒಬ್ಬ ಪ್ರಾಮಾಣಿಕ ಮನಷ್ಯಾ ಅದಾನ ಅಂತ. ಸಾಹೇಬ್ರು ನಿಮ್ಮ ಹೆಸರ ಕೇಳಿ ಬರಕೊಂಡ್ರು. ಕಪ್ಪು ಹೋದ್ರ ಹೋಗ್ಲಿ, ಮರ್ಯಾದಿ ಬಂತಲ್ಲ."

ಲಗಮಪ್ಪ ಕುರ್ಚಿಯ ತುದಿಯಲ್ಲಿ ಕೂತ. "ಆ ಕ್ಯಾಚಿಂದ..." ಎಂದ.

"ಬಿಡ್ರಿ ಅದನ್ನ. ನಾ ನಿಮ್ಮ ತೀರ್ಪಿನ ಮ್ಯಾಲ ಮಾತಾಡಾವಲ್ಲ. ಆದ್ರ ಆ ಬಸ್ತ್ಯಾಂವಂದು ನೋಡ್ರಿ. ಬಿಟ್ರ ಬಿಟ್ಟೆ ಅನಬೇಕು. ತಪ್ಪು ಎಲ್ಲಾರಿಂದ ಆಕ್ಕೈತಿ. ನಿಮ್ಮ ಮ್ಯಾಲ ಹಾಕಿದ್ನಲ್ಲ, ಅದು ನನಗ ಸೇರಲಿಲ್ಲ. ಸುಳ್ಳ ಹೇಳಾವ್ರನ್ನ ಕಾಯಂ ಮಾಡಿ ನಾ ಏನ ಮಾಡ್ಲಿ? ಮತ್ತ ಇವತ್ತ ಸರಪಳೀಗೆ ಕೈ ಕೊಟ್ನಂತ. ಆ ಕೆಲಸಕ್ಕ ಅಂವ ಬ್ಯಾಡ. ಕುಳಗಿ ಕಡೆ ಬಿದಿರ ಕಡಿಯಾಕ ಆಳ ಬೇಕಾಗ್ಯಾರ, ಅಲ್ಲಿ ಕಳಸ್ತೇನಿ. ದುರ್ಗಪ್ಪನ ಹೆಸರ ಬರದಬಿಟ್ಟೆ."

ಕಾಗದ ಮೇಜಿನ ಮೇಲೆಯೇ ಇತ್ತು. ಇನ್ನೂ ಸಹಿ ಆಗಿರಲಿಲ್ಲ. ಮುಚ್ಚಳ ತೆಗೆದ ಪೆನ್ನು ಪಕ್ಕದಲ್ಲೇ ಬಿದ್ದಿತ್ತು. ಈಗ ಹೇಳಿದರೂ ಆಗುತ್ತಿತ್ತು. ಹೇಳಿದರೆ ಬಸ್ತ್ಯಾಂವ ಸುಳ್ಳನಲ್ಲ ಎಂದಾಗುತ್ತಿತ್ತು, ಮತ್ತು ಮ್ಯಾನೇಜರ್ ಸಾಹೇಬರು ಬರೆದುಕೊಂಡ ಹೆಸರು? ಹಳಿಯಾಳದ ಮಾಸ್ತರರು ಕುಲುಕಿದ ಕೈ? ಪ್ರಾಮಾಣಿಕನೆಂದು ಯಾರೂ ಅವನನ್ನು ಇದುವರೆಗೆ ಬಾಯಿ ಬಿಟ್ಟು ಕರೆದಿರಲಿಲ್ಲ. ತಾನು ಅಂಥವನೇ ಎಂದು ಅವನು ಒಳಗೊಳಗೆ ನಂಬಿಕೊಂಡಿದ್ದ. ಈಗ ಆ ಮಾತು ಬಂದದ್ದು ತಪ್ಪು ದಿನದಲ್ಲಿ.

"ಅಂವ ಕೆಲಸಗಾರ ಚಲೋ ಇದ್ದಾನ್ರಿ" ಎಂದ ಲಗಮಪ್ಪ.

"ಇಲ್ಲ ಅಂದ್ನೇನು? ಕಾಡಿನಾಗ ಇನ್ನೂ ಚಲೋ ಮಾಡ್ತಾನ" ಎಂದು ಶಿವಲಿಂಗಪ್ಪ ಪೆನ್ನು ಎತ್ತಿಕೊಂಡರು.

ಗುರುವಾರ ಬೆಳಿಗ್ಗೆ ಖಾಲಿ ಲಾರಿಯೊಂದು ಕುಳಗಿಗೆ ಹೊರಟಿತು. ಬಸ್ತ್ಯಾಂವ ಲಗಮಪ್ಪನ ಮನೆಗೆ ಬಂದು ಪಡಸಾಲೆಯಲ್ಲಿದ್ದ ಟ್ರಂಕು ಎತ್ತಿಕೊಂಡ. ನಾಲ್ಕು ರಾತ್ರಿ ಅಲ್ಲೇ ಉಳಿದಿದ್ದ ಮಾಗ್ದಲೀನಾ ಒರಳುಗುಂಡನ್ನು ಸೊಂಟದ ಮೇಲಿಟ್ಟುಕೊಂಡಳು. ಅವಳನ್ನು ದಾರಿಯಲ್ಲಿ ಇಳಿಸಿ ಊರ ಕಡೆಯ ಬಸ್ಸಿಗೆ ಹತ್ತಿಸಬೇಕೆಂದು ಬಸ್ತ್ಯಾಂವ ಡ್ರೈವರನಿಗೆ ಹೇಳಿದ್ದ. ಕಾಡಿನ ಕ್ಯಾಂಪಿನಲ್ಲಿ ಹೆಂಗಸರಿಗೆ ಜಾಗವಿಲ್ಲ. ಪಕ್ಕದ ಖೋಲಿಯ ಬಾಗಿಲು ತೆರೆದಿತ್ತು. ಒಳಗೆ ದುರ್ಗಪ್ಪನ ತಾಯಿ ಗೋಡೆಗೆ ಸುಣ್ಣ ಹಚ್ಚುತ್ತಿದ್ದಳು. ಸುಶೀಲವ್ವ ನಾಲ್ಕು ರೊಟ್ಟಿಯನ್ನು ಅರಿವೆಯಲ್ಲಿ ಕಟ್ಟಿ ಮಾಗ್ದಲೀನಾಳ ಕೈಗೆ ಕೊಟ್ಟು, ಅವಳ ಸೆರಗನ್ನು ಸರಿಪಡಿಸಿದಳು.

ಲಗಮಪ್ಪ ಲಾರಿಯವರೆಗೆ ನಡೆದು ಬಂದ. ಟ್ರಂಕಿನ ಒಂದು ಹಿಡಿಕೆಯನ್ನು ಅವನೇ ಹಿಡಿದಿದ್ದ. ಬೇಡ ಸಾಹೇಬ್ರ ಎಂದರೂ ಬಿಟ್ಟಿರಲಿಲ್ಲ. ಇಬ್ಬರೂ ಸೇರಿ ಅದನ್ನು ಮೇಲೆ ಇಟ್ಟರು. ಟ್ರಂಕು ಕೂತಿತು. ಅಭ್ಯಾಸದಂತೆ ಬಸ್ತ್ಯಾಂವ ಲಗಮಪ್ಪನ ಕಡೆ ನೋಡಿದ. ಲಗಮಪ್ಪ ಎರಡು ಕೈಗಳನ್ನೂ ಕೋಟಿನ ಕಿಸೆಯಲ್ಲಿಟ್ಟುಕೊಂಡ.

"ಸಾಹೇಬ್ರ, ಒಂದ ಕೇಳ್ಲ್ಯಾ?" ಎಂದ ಬಸ್ತ್ಯಾಂವ.

"ಕೇಳು."

"ನನಗ ನೌಕರಿ ಮಾತ ಅಲ್ಲ. ಅದು ಹೋತು, ಹೋಗ್ಲಿ. ಇನ್ನ ಯಾರಿಗೂ ಹೇಳೂದೂ ಬ್ಯಾಡ ನೀವು. ನನಗಷ್ಟ ಗೊತ್ತಾಗಬೇಕು." ಸುತ್ತಿದ ಅರಿವೆಯ ತುದಿಯನ್ನು ಬಿಚ್ಚಿ ಮತ್ತೆ ಬಿಗಿದ. "ನಿಮ್ಮ ಕೈ ಮೊದಲ ಹೋತೋ, ನಾ ಮೊದಲ ಬಿಟ್ಟೆನೋ? ಮೊದಲ ಹೋತು ಅಂತ ನನಗ ಅನಸ್ತೈತಿ. ಆದ್ರ ಎಲ್ಲಾರೂ ಇಲ್ಲ ಅಂತಾರ. ಈಗ ನನಗೂ ತಿಳೀವಲ್ದು. ರಾತ್ರಿ ಎದ್ದ ಕೂಡ್ತೇನಿ. ನನ್ನ ಕಣ್ಣ ನಾ ನಂಬಬೇಕೋ ಬ್ಯಾಡೋ ಅಂತ. ಕಾಡಿನಾಗ ಕೊಡ್ಲಿ ಹಿಡ್ಯಾವಂಗ ಅಷ್ಟರ ಗೊತ್ತಿರಬೇಕಲ್ರಿ?"

ಮಾಗ್ದಲೀನಾ ಮೇಲಿನಿಂದ ಲಗಮಪ್ಪನನ್ನು ನೋಡುತ್ತಿದ್ದಳು. ಅವಳಿಗೆ ಕನ್ನಡ ಅರ್ಧವೇ ತಿಳಿಯುತ್ತಿತ್ತು. ಆದರೆ ಗಂಡ ಏನು ಕೇಳಿದನೆಂಬುದು ತಿಳಿದಂತಿತ್ತು.

ಡ್ರೈವರ್ ಎಂಜಿನ್ ಶುರು ಮಾಡಿದ. ಯಾರ್ಡಿನ ಯಂತ್ರ ಇನ್ನೂ ಶುರುವಾಗಿರಲಿಲ್ಲ. ಅಂದು ಮಾತು ಚೆನ್ನಾಗಿ ಕೇಳಿಸುತ್ತಿತ್ತು.

"ಕುಳಗ್ಯಾಗ ಥಂಡಿ ಬಾಳ" ಎಂದ ಲಗಮಪ್ಪ. "ಕಂಬಳಿ ತಗೊಂಡೀಯಿಲ್ಲೋ?"

ಬಸ್ತ್ಯಾಂವ ಸ್ವಲ್ಪ ಹೊತ್ತು ಕಾದ. ಆಮೇಲೆ, "ಐತ್ರಿ" ಎಂದು ಲಾರಿ ಹತ್ತಿದ.

ಲಗಮಪ್ಪ ಯಾರ್ಡಿನಲ್ಲಿ ಇನ್ನೂ ಆರು ವರ್ಷ ಇದ್ದ. ಕುಳಗಿಯಿಂದ ಬಂದ ಪ್ರತಿ ಲಾರಿಯ ಬಿದಿರೂ ಅವನ ಸನ್ನೆಗೇ ಇಳಿಯಿತು. ಒಂದೆರಡು ಸಲ ಲಾರಿಯ ಜೊತೆಗೆ ಬಸ್ತ್ಯಾಂವನೂ ಬಂದ, ನಮಸ್ಕಾರ ಮಾಡಿದ, ಹೋದ. ಆ ಪ್ರಶ್ನೆಯನ್ನು ಮತ್ತೆ ಕೇಳಲಿಲ್ಲ.

ನನ್ನ ಕೈ ಮೊದಲು ಹೋಯಿತು, ನೀನು ಚೆಂಡು ಹಿಡಿದಿದ್ದೆ ಎಂದು ಲಗಮಪ್ಪ ಅವನಿಗೆ ಹೇಳಲಿಲ್ಲ.